ಬೂದು ಗೌನು

ರಾತ್ರಿ ಬಹಳ ಹೊತ್ತಾದ ಮೇಲೆ ಆ ಸದ್ದು ಕೇಳಿಸಿತು. ಚಪ್, ಚಪ್, ಚಪ್. ನಲ್ಲಿ ಸೋರುತ್ತಿರಬೇಕು ಎಂದುಕೊಂಡು ದಾದಿ ಎದ್ದು ಹೋಗಿ ಬಿಗಿಯಾಗಿ ತಿರುಗಿಸಿ ಬಂದಳು. ಸದ್ದು ನಿಲ್ಲಲಿಲ್ಲ. ಅದು ಮೇಜಿನ ಮೇಲಿದ್ದ ರಟ್ಟಿನ ಪೆಟ್ಟಿಗೆಯೊಳಗಿಂದ ಬರುತ್ತಿತ್ತು.

ಪೆಟ್ಟಿಗೆಯಲ್ಲಿ ಮುಸುವದ, ಅಂದರೆ ಕಪ್ಪು ಮುಖದ ಉದ್ದ ಬಾಲದ ಕೋತಿಯ, ಒಂದು ಹೆಣ್ಣು ಮರಿ ಇತ್ತು. ತಾಯಿ ಕರೆಂಟಿನ ತಂತಿ ತಗುಲಿ ಸತ್ತಿತ್ತು. ಮರಿ ಅದರ ಹೊಟ್ಟೆಯನ್ನು ಅಪ್ಪಿಕೊಂಡೇ ರಸ್ತೆಗೆ ಬಿದ್ದಿತ್ತು. ಸಂಜೆ ಅದನ್ನು ತಂದಾಗ ಡಾಕ್ಟರು ರೆಪ್ಪೆ ಎತ್ತಿ ನೋಡಿ, ಬಿಸಿನೀರಿನ ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿ ಪಕ್ಕಕ್ಕಿಟ್ಟು, "ಬೆಳಗಿನ ತನಕ ನೋಡೋಣ" ಎಂದಷ್ಟೇ ಹೇಳಿ ಹೋಗಿದ್ದರು. ಮರಿಗಳ ಕೋಣೆಯಲ್ಲಿ ಕೂದಲು ಹಣ್ಣಾಗುವಷ್ಟು ಕಾಲ ಕೆಲಸ ಮಾಡಿದ ದಾದಿಗೆ ಆ ಮಾತಿನ ಅರ್ಥ ಗೊತ್ತಿತ್ತು. ತುಟಿಗೆ ಇಟ್ಟ ಹಾಲು ಗಲ್ಲದ ಮೇಲೆ ಹರಿದು ಹೋಗಿತ್ತು.

ಪೆಟ್ಟಿಗೆಯ ಮುಚ್ಚಳ ಮುಟ್ಟುವ ಮೊದಲು ಅವಳು ಬೂದು ಗೌನು ತೊಟ್ಟಳು. ತಲೆಗೆ ಮುಸುಕು ಎಳೆದುಕೊಂಡಳು, ಮುಖದ ಮುಂದಿನ ಕಪ್ಪು ಜಾಲರಿಯನ್ನು ಸರಿಮಾಡಿಕೊಂಡಳು, ಕೈಗವಸು ಹಾಕಿಕೊಂಡಳು. ಮರಿಯ ಕಣ್ಣು ಮುಚ್ಚಿದ್ದಿರಬಹುದು. ಆದರೆ ಯಾವಾಗ ತೆರೆಯುತ್ತದೋ ಯಾರು ಬಲ್ಲರು! ಮುಚ್ಚಳ ಎತ್ತಿ ಇಣುಕಿದರೆ, ಮರಿ ತನ್ನ ಹೆಬ್ಬೆರಳನ್ನು ಬಾಯಿಗಿಟ್ಟುಕೊಂಡು ಚೀಪುತ್ತಿತ್ತು. ಏನೂ ಬಾರದ ಬೆರಳನ್ನು ಹಟ ಹಿಡಿದು ಚೀಪುತ್ತಿತ್ತು.

ಚೀಪುವ ಮನಸ್ಸಿದ್ದರೆ ಬದುಕುವ ಮನಸ್ಸಿದೆ ಎಂದಾಯಿತು. ದಾದಿ ಹಾಲಿನ ಸಣ್ಣ ಬಾಟಲಿಯನ್ನು ಬಿಸಿಗಿಟ್ಟಳು. 'ಸರಿ ಹಾಗಾದರೆ. ನೀನು ಕಾಡಿಗೆ ಹೋಗುತ್ತೀಯ. ಕಳಿಸುವ ಹೊಣೆ ನನ್ನದು' ಎಂದು ಹೇಳಿದಳು, ಮನಸ್ಸಿನಲ್ಲೇ. ಬಾಯಿಬಿಟ್ಟು ಹೇಳುವ ಹಾಗಿರಲಿಲ್ಲ.

ಆ ಕೇಂದ್ರದ ಕೆಲಸವೇ ಹಾಗೆ. ಗಾಯಗೊಂಡ, ತಬ್ಬಲಿಯಾದ, ಯಾರದೋ ಮನೆಯಲ್ಲಿ ಸರಪಳಿ ಕಟ್ಟಿಸಿಕೊಂಡಿದ್ದ ಮುಸುವಗಳನ್ನು ತಂದು, ಗುಣಪಡಿಸಿ, ಒಂದು ಗುಂಪು ಮಾಡಿ ಕಾಡಿಗೆ ಬಿಡುವುದು. ಬಿಟ್ಟ ಮೇಲೆ ಅವು ಮನುಷ್ಯರ ಕಡೆ ತಲೆ ಹಾಕಬಾರದು. ಅದಕ್ಕಾಗಿ ನೋಡಿಕೊಳ್ಳುವವರೆಲ್ಲ ಕತ್ತಿನಿಂದ ಪಾದದವರೆಗೆ ಒಂದೇ ಬಗೆಯ ಬೂದು ಗೌನು ತೊಡಬೇಕು. ಒಳಗೆ ಮಾತಿಲ್ಲ, ನಗುವಿಲ್ಲ, ಸಾಧ್ಯವಾದರೆ ಸೀನೂ ಇಲ್ಲ. ಎಲ್ಲರಿಗೂ ವಾಸನೆಯಿಲ್ಲದ ಒಂದೇ ಸೋಪು. "ನಾವು ಯಾರೂ ಅಲ್ಲ. ಊಟ ತರೋ ಬೂದು ಬಣ್ಣದ ಒಂದು ವಸ್ತು, ಅಷ್ಟೇ" ಎನ್ನುತ್ತಿದ್ದರು ಕೇಂದ್ರದ ಮುಖ್ಯಸ್ಥೆ. ಅವರನ್ನು ಎಲ್ಲರೂ ಮೇಡಂ ಎಂದೇ ಕರೆಯುತ್ತಿದ್ದರು.

ಮೇಡಂ ಹಾಗೆ ಕಟ್ಟುನಿಟ್ಟಾಗಲು ಕಾರಣವಿತ್ತು. ಬಹಳ ಹಿಂದೆ, ಈ ಗೌನು ಜಾಲರಿ ಒಂದೂ ಇಲ್ಲದ ಕಾಲದಲ್ಲಿ, ಒಂದು ಗಂಡು ಮರಿಯನ್ನು ತೊಡೆಯ ಮೇಲೆ ಕೂರಿಸಿ ಬೆಳೆಸಿ ಕಾಡಿಗೆ ಬಿಟ್ಟಿದ್ದರಂತೆ. ಅದು ಕಾಡಿನಿಂದ ಇಳಿದು ಬಂದು ಒಂದು ಅಂಗಡಿಯ ಮುಂದೆ ಕೂತು ಕೈ ಚಾಚಿತು. ಜನ ಮೊದಲು ಬ್ರೆಡ್ ಕೊಟ್ಟರು. ಆಮೇಲೆ ಅದು ಮಗುವೊಂದರ ಕೈಯಿಂದ ಬ್ರೆಡ್ ಕಿತ್ತುಕೊಂಡಾಗ ಕೋಲಿನಿಂದ ಹೊಡೆದು ಕೊಂದರು. ಹೆಣವನ್ನು ಗೋಣಿಯಲ್ಲಿ ಹಾಕಿ ತಂದವರು ಮೇಡಂ. ಅಂದಿನಿಂದ ಒಂದು ನಿಯಮ: ನೋಡಿಕೊಳ್ಳುವವರ ಮುಖ ಕಂಡ ಪ್ರಾಣಿ ಕಾಡಿಗೆ ಹೋಗುವುದಿಲ್ಲ. ಅದು ಹಿಂದಿನ ಸಾಲಿಗೆ ಹೋಗುತ್ತದೆ.

ಹಿಂದಿನ ಸಾಲು ಎಂದರೆ ಕಟ್ಟಡದ ಹಿಂಬದಿಯ ಗೂಡುಗಳು. ಅಲ್ಲಿಗೆ ಹೋದದ್ದು ಸಾಯುವವರೆಗೂ ಅಲ್ಲೇ. ಊಟಕ್ಕೆ, ನೆರಳಿಗೆ, ಔಷಧಿಗೆ ಏನೂ ಕೊರತೆ ಇರಲಿಲ್ಲ. ಆದರೂ ದಾದಿ ಸೊಪ್ಪಿನ ಕೋಣೆಗೆ ಹೋಗುವಾಗ ಆ ದಾರಿಯನ್ನು ಬಿಟ್ಟು ಸುತ್ತು ಹಾಕಿಕೊಂಡು ಹೋಗುತ್ತಿದ್ದಳು. ಅಲ್ಲಿದ್ದವು ಜಾಲರಿಗೆ ಹಣೆ ಒತ್ತಿ, ಯಾರಾದರೂ ಬರುತ್ತಾರೇನೋ ಎಂದು ಹಗಲೆಲ್ಲ ದಾರಿ ಕಾಯುತ್ತಿದ್ದವು.

ಮರಿ ಬದುಕಿತು. ಪ್ರಾಣಿಗಳಿಗೆ ಹೆಸರಿಡುವ ಹಾಗಿರಲಿಲ್ಲ. ಬೆನ್ನಿಗೆ ಬಣ್ಣದ ಗುರುತು ಹಚ್ಚುತ್ತಿದ್ದರು. ಇದರ ಬಣ್ಣ ಹಳದಿ, ಹಾಗಾಗಿ ಅದು ಹಳದಿ. ದಾದಿ ಗೌನಿನ ಮೇಲೆ ತುಪ್ಪಳದಂಥ ಬಟ್ಟೆಯ ಎದೆಕವಚ ಕಟ್ಟಿಕೊಂಡು ಅದನ್ನು ಹಗಲು ರಾತ್ರಿ ಹೊತ್ತುಕೊಂಡಳು. ಎದೆಗೆ ಅಂಟಿಕೊಂಡ ಹಳದಿಯ ತಲೆ ಸರಿಯಾಗಿ ಅವಳ ಗಲ್ಲದ ಕೆಳಗೆ ಬರುತ್ತಿತ್ತು. ಅವಳು ಒಂದು ಮಾತೂ ಆಡಲಿಲ್ಲ.

"ಮುಖ ತೋರಿಸಲ್ಲ, ಮಾತಾಡಲ್ಲ. ಆ ಮಗು ನಿನ್ನ ಏನಂತ ತಿಳ್ಕೊಂಡಿದೆ?" ಎಂದು ಮನೆಯಲ್ಲಿ ಅತ್ತೆ ಕೇಳುತ್ತಿದ್ದರು. "ನಡೆದಾಡೋ ಪರದೆ ಅಂತಾನಾ?"

"ಹಾಗೇ ತಿಳ್ಕೊಳ್ಳಲಿ ಅತ್ತೆ, ಒಳ್ಳೇದೇ."

"ನನಗೂ ಹಾಗೇ ಒಂದು ಗೌನು ತಂದುಕೊಡು. ಪಕ್ಕದ ಮನೆಯವಳು ಸಾಲ ಕೇಳೋಕೆ ಬಂದಾಗ ಹಾಕ್ಕೊಂಡು ಮೂಲೆಯಲ್ಲಿ ನಿಂತುಬಿಡ್ತೀನಿ."

ಕೇಂದ್ರದಲ್ಲಿ ಒಬ್ಬನೇ ಒಬ್ಬ ಗೌನು ತೊಡದೆ ಪ್ರಾಣಿಗಳ ಮುಂದೆ ಹೋಗುತ್ತಿದ್ದ. ಅವನು ವ್ಯಾನಿನ ಡ್ರೈವರ್. ಎಲ್ಲರೂ ಅವನನ್ನು ಗುಮ್ಮ ಎನ್ನುತ್ತಿದ್ದರು. ಆಗಾಗ ಅವನು ಕಣ್ಣು ಕುಕ್ಕುವ ಅಂಗಿ ಹಾಕಿಕೊಂಡು, ಮುಖ ತೆರೆದುಕೊಂಡು, ಒಳಗೆ ನುಗ್ಗಿ ತಗಡಿನ ಡಬ್ಬ ಬಡಿದು ಕೂಗಾಡಬೇಕು, ಪೈಪಿನಿಂದ ನೀರು ಎರಚಬೇಕು. ಮನುಷ್ಯನನ್ನು ಕಂಡರೆ ಪ್ರಾಣ ಹೋದಂತೆ ಓಡಬೇಕು ಎಂಬುದನ್ನು ಪ್ರಾಣಿಗಳು ಕಲಿಯಬೇಕಲ್ಲ, ಅದಕ್ಕೆ. ಇರುವೆ ಕಂಡರೂ ದಾಟಿ ಹೆಜ್ಜೆ ಇಡುವ ಮನುಷ್ಯ ಅವನು. ಆ ಕೆಲಸ ಮುಗಿಸಿ ಬಂದ ದಿನ ಮೆಟ್ಟಿಲ ಮೇಲೆ ಕೂತು ಟೀ ಲೋಟವನ್ನು ಕೈಯಲ್ಲಿ ತಿರುಗಿಸುತ್ತಾ ಇರುತ್ತಿದ್ದ, ಕುಡಿಯುತ್ತಿರಲಿಲ್ಲ.

"ನನ್ನ ಮಕ್ಕಳೂ ನನಗೆ ಇಷ್ಟು ಹೆದರಲ್ಲ ಅಕ್ಕ."

"ನಿಮ್ಮ ಮಕ್ಕಳು ನಿಮಗೆ ಹೆದರೋದೇ ಇಲ್ಲವಲ್ಲ ಗುಮ್ಮಣ್ಣ."

"ಅದೂ ನಿಜಾನೇ."

ಅವನು ಅವಳನ್ನು ಅಕ್ಕ ಎನ್ನುತ್ತಿದ್ದ, ಅವಳು ಅವನನ್ನು ಅಣ್ಣ ಎನ್ನುತ್ತಿದ್ದಳು. ಇಬ್ಬರಲ್ಲಿ ದೊಡ್ಡವರು ಯಾರು ಎಂಬುದನ್ನು ಇಬ್ಬರೂ ತೀರ್ಮಾನಿಸಲು ಹೋಗಿರಲಿಲ್ಲ.

ಹಲ್ಲು ಬಂದು, ಎಲೆ ತಿನ್ನುವುದು ಕಲಿತ ಮೇಲೆ ಹಳದಿಯನ್ನು ಗುಂಪಿಗೆ ಸೇರಿಸಿದರು. ಅಲ್ಲಿ ಕಿವಿ ಹರಿದ ಒಂದು ಮುದಿ ಹೆಣ್ಣು ಇತ್ತು. ಅದು ಮೊದಲ ದಿನವೇ ಹಳದಿಯನ್ನು ಎಳೆದು ಮಡಿಲಿಗೆ ಹಾಕಿಕೊಂಡಿತು. ಯಾವ ಚಿಗುರು ತಿನ್ನಬೇಕು, ಯಾವುದನ್ನು ಮೂಸಿ ಬಿಡಬೇಕು, ಯಾವ ಕೊಂಬೆ ಭಾರ ತಾಳುವುದಿಲ್ಲ, ಎಲ್ಲವನ್ನೂ ಅದೇ ಕಲಿಸಿತು. ಗುಮ್ಮ ಬಂದಾಗ ಹಳದಿ ಎಲ್ಲಕ್ಕಿಂತ ಮೊದಲು ಮೇಲೇರುತ್ತಿತ್ತು. ಒಂದೇ ಒಂದು ಅಭ್ಯಾಸ ಉಳಿದಿತ್ತು. ಸೊಪ್ಪು ತರುವ ಬೂದು ಗೌನು ಕಂಡ ತಕ್ಷಣ ಮಡಿಲಿನಿಂದ ಇಳಿದು ಬಂದು ಗೌನಿನ ಅಂಚನ್ನು ಹಿಡಿದು ಸ್ವಲ್ಪ ಹೊತ್ತು ನಿಲ್ಲುತ್ತಿತ್ತು. ಉಳಿದವು ಸೊಪ್ಪು ಎತ್ತಿಕೊಂಡು ತಮ್ಮ ಪಾಡಿಗೆ ಹೋಗುತ್ತಿದ್ದವು.

ದಾದಿ ಅದನ್ನು ಗಮನಿಸಿ ಮೇಡಂಗೆ ಹೇಳಿದಳು. ಮೇಡಂ ಬೇರೆ ಬೇರೆಯವರನ್ನು ಒಳಗೆ ಕಳಿಸಿ ನೋಡಿದರು. ಯಾರ ಗೌನಾದರೂ ಹಳದಿಗೆ ಒಂದೇ ಆಗಿತ್ತು.

"ಅಂದ್ರೆ ಯಾರಿಗೂ ಅಂಟಿಕೊಂಡಿಲ್ಲ" ಎಂದು ಮೇಡಂಗೆ ಸಮಾಧಾನವಾಯಿತು. "ಒಳ್ಳೇದಾಯ್ತು. ಬಿಟ್ಟ ಮೇಲೆ ಮರೆತು ಹೋಗುತ್ತೆ."

ದಾದಿಗೂ ಸಮಾಧಾನವಾಯಿತು, ಅರ್ಧ. ಉಳಿದರ್ಧ ಏಕೆ ಆಗಲಿಲ್ಲ ಎಂದು ಅವಳಿಗೇ ಹೇಳಲು ಬರಲಿಲ್ಲ. ಅವಳು ಬೀಗ ಹಾಕಿ ಬಂದ ಮೇಲೂ ಮತ್ತೆ ಹೋಗಿ ಎಳೆದು ನೋಡುವ ಸ್ವಭಾವದವಳು. ಹಾಗಾಗಿ ತನ್ನ ಅಂಜಿಕೆಯನ್ನು ತಾನೇ ಪೂರ್ತಿ ನಂಬುತ್ತಿರಲಿಲ್ಲ.

ಬಿಡುವ ಕಾಲ ಬಂತು. ಗುಂಪನ್ನು ವ್ಯಾನಿನಲ್ಲಿ ಕಾಡಂಚಿಗೆ ಸಾಗಿಸಿ, ಮರಗಳನ್ನೇ ಒಳಗೆ ಸೇರಿಸಿ ಜಾಲರಿ ಕಟ್ಟಿದ್ದ ದೊಡ್ಡ ಆವರಣದಲ್ಲಿ ಇಟ್ಟರು. ಅಲ್ಲಿನ ಗಾಳಿ, ಸದ್ದು, ಎಲೆಯ ರುಚಿ ಅಭ್ಯಾಸವಾಗಲಿ ಎಂದು. ಕತ್ತಿಗೆ ಸಣ್ಣ ಪಟ್ಟಿ ಕಟ್ಟಿದರು. ಎಲ್ಲಿವೆ ಎಂಬುದನ್ನು ಕೆಲವು ತಿಂಗಳು ತೋರಿಸಿ, ಆಮೇಲೆ ಅದು ತಾನಾಗಿ ಕಳಚಿ ಬೀಳುತ್ತಿತ್ತು. ದಾದಿ ಆವರಣದ ಪಕ್ಕದ ಮರೆಯಲ್ಲಿ ಕೂತು ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಿದ್ದಳು. ಎಲ್ಲ ಸರಿಯಾಗಿತ್ತು.

ಆವರಣದಿಂದ ಸ್ವಲ್ಪ ಆಚೆ ಒಂದು ರಸ್ತೆಯನ್ನು ಅಗಲ ಮಾಡುತ್ತಿದ್ದರು. ಒಂದು ಮಧ್ಯಾಹ್ನ ಆ ಕೆಲಸದ ಆಳುಗಳು ನೀರು ಹುಡುಕಿಕೊಂಡು ಇತ್ತ ಬಂದರು. ಅವರನ್ನು ನೋಡಿ ಮರೆಯಲ್ಲಿದ್ದ ದಾದಿ ಮುಂದಕ್ಕೆ ಬಾಗಿದಳು. ಜಲ್ಲಿಯ ಧೂಳಿಗೆಂದು ಕಂಟ್ರಾಕ್ಟರ್ ಅವರಿಗೆಲ್ಲ ಉದ್ದನೆಯ ಬೂದು ಕೋಟು ಕೊಟ್ಟಿದ್ದ. ತಲೆಗೆ ಟೋಪಿ ಎಳೆದುಕೊಂಡು, ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡಿದ್ದರು.

ಗುಂಪಿನ ಮುಸುವಗಳೆಲ್ಲ ಕೆಮ್ಮಿದಂತೆ ಒರಟಾಗಿ ಕೂಗಿ ಮೇಲೇರಿದವು. ಅವು ಕಾಡಿನಲ್ಲಿ ಹುಟ್ಟಿ, ತಾಯಂದಿರಿಂದಲೇ ಮನುಷ್ಯರ ಭಯ ಕಲಿತು ಬಂದಂಥವು. ಯಾವ ಬಟ್ಟೆ ಹಾಕಿದ್ದರೂ ಮನುಷ್ಯನನ್ನು ಗುರುತಿಸಬಲ್ಲವು. ಹಳದಿ ಮಾತ್ರ ಕೆಳಗಿಳಿಯಿತು. ಜಾಲರಿಯ ಹತ್ತಿರ ಬಂದು, ಹಾಲು ಕುಡಿಯುವ ಕಾಲದಲ್ಲಿ ಮಾಡುತ್ತಿದ್ದ ಆ ಮೆತ್ತಗಿನ ಸದ್ದು ಮಾಡಿ, ಸಂದಿಯಿಂದ ಕೈ ಚಾಚಿತು.

"ಲೇ, ನೋಡ್ರೋ, ನನ್ನ ಹೆಂಡತಿಗಿಂತ ಇವಳೇ ವಾಸಿ. ಕೈ ಚಾಚಿ ಕರೀತಾಳೆ!" ಎಂದ ಒಬ್ಬ.

"ನಿನ್ನ ಹೆಂಡತಿಗೆ ನಿನ್ನ ಮುಖ ಕಾಣುತ್ತಲ್ಲಪ್ಪ, ಇವಳಿಗೆ ಕಾಣಲ್ಲ" ಎಂದ ಇನ್ನೊಬ್ಬ. ಎಲ್ಲರೂ ನಕ್ಕರು. ಮೊದಲಿನವನು ಜೇಬಿನಿಂದ ಬಿಸ್ಕತ್ತು ತೆಗೆದು ಕೊಟ್ಟ. ಹಳದಿ ತೆಗೆದುಕೊಂಡಿತು. ತಿನ್ನಲಿಲ್ಲ. ಬಿಸ್ಕತ್ತನ್ನು ಕೆಳಗೆ ಹಾಕಿ, ಅವನ ಕೋಟಿನ ಅಂಚನ್ನು ಹಿಡಿಯಲು ನೋಡಿತು.

ಆ ಸಂಜೆ ವ್ಯಾನಿನ ಪಕ್ಕದಲ್ಲಿ ಮೇಡಂ, ದಾದಿ, ಗುಮ್ಮ ಮೂವರೂ ನಿಂತುಕೊಂಡರು.

"ಮನುಷ್ಯರಿಂದ ದೂರ ಇರೋದು ಕಲಿಸಿದ್ವಿ ಅಂದ್ಕೊಂಡಿದ್ವಿ" ಎಂದಳು ದಾದಿ. "ನಾವು ಕಲಿಸಿದ್ದು ಗುಮ್ಮಣ್ಣನ ಅಂಗಿಯಿಂದ ದೂರ ಇರೋದು. ಗೌನಿನೊಳಗೂ ಮನುಷ್ಯರೇ ಇದ್ದಾರೆ ಅಂತ ಅವಳಿಗೆ ಗೊತ್ತೇ ಇಲ್ಲ."

"ನಾನು ಹೋಗಿ ಆ ಆಳುಗಳನ್ನ ಕೇಳಿದೆ, ಕೋಟು ಬದಲಾಯಿಸ್ತೀರಾ ಅಂತ" ಎಂದ ಗುಮ್ಮ. "ನಿಮ್ಮ ಕೋತಿಗೆ ಯಾವ ಬಣ್ಣ ಇಷ್ಟ, ಕೇಳ್ಕೊಂಡು ಬನ್ನಿ ಅಂದ್ರು."

"ಅವರು ಬದಲಾಯಿಸಿದ್ರೂ ನಾಳೆ ಇನ್ನೊಬ್ಬ ಬೂದು ಬಟ್ಟೆಯವನು ಬರ್ತಾನೆ" ಎಂದರು ಮೇಡಂ. "ಲೋಕದಲ್ಲಿ ಬೂದು ಬಟ್ಟೆಗೇನು ಬರವಾ? ಚಿಗುರು ಇರೋದು ಈಗ. ಗುಂಪು ಈ ವಾರ ಹೋಗಲೇಬೇಕು. ಹಳದಿ ಉಳೀಲಿ."

"ಉಳಿದ್ರೆ ಹಿಂದಿನ ಸಾಲು, ಮೇಡಂ."

"ಗೊತ್ತು."

"ಅವಳಿಗೆ ಇನ್ನೂ ಎರಡು ವರ್ಷ ತುಂಬಿಲ್ಲ. ಬದುಕೆಲ್ಲ ಅಲ್ಲೇ..."

"ಗೊತ್ತಮ್ಮ. ಗೋಣಿಯಲ್ಲಿ ಹೊತ್ತು ತರೋದಕ್ಕಿಂತ ಅದು ವಾಸಿ."

ಆ ಮಾತಿಗೆ ಎದುರಾಡುವುದು ಕಷ್ಟ. ಆದರೂ ದಾದಿ ಜಾಗ ಬಿಟ್ಟು ಕದಲಲಿಲ್ಲ. ವಾದ ಮಾಡಿ ಗೆಲ್ಲುವವಳಲ್ಲ ಅವಳು. ಧ್ವನಿ ಏರಿಸಿದರೆ ಅವಳಿಗೇ ನಡುಕ ಬರುತ್ತಿತ್ತು. "ಗೌನು ಕಂಡ್ರೆ ಹೆದರೋ ಹಾಗೆ ಮಾಡ್ತೀವಿ. ಒಂದು ಅವಕಾಶ ಕೊಡಿ" ಎಂದಳು, ಮತ್ತೆ ಅದನ್ನೇ ಹೇಳಿದಳು, ಮೇಡಂ ವ್ಯಾನು ಹತ್ತಿ ಕೂತ ಮೇಲೆ ಕಿಟಕಿಗೆ ಬಂದು ಮತ್ತೊಮ್ಮೆ ಹೇಳಿದಳು.

"ಬೆನ್ನು ಬಿಡಲ್ಲವಲ್ಲ ನೀನು! ಸರಿ, ಗುಮ್ಮ ನಾಳೆ ಗೌನು ಹಾಕ್ಕೊಂಡು ಒಳಗೆ ಹೋಗಲಿ" ಎಂದರು ಮೇಡಂ.

ಗುಮ್ಮ ಮರುದಿನ ಗೌನು, ಮುಸುಕು, ಜಾಲರಿ ಎಲ್ಲ ಹಾಕಿಕೊಂಡು ಡಬ್ಬ ಹಿಡಿದು ಒಳಗೆ ಹೋದ. ಜನ್ಮದಲ್ಲಿ ಬಡಿಯದ ಹಾಗೆ ಬಡಿದ. ಮರೆಯಲ್ಲಿ ಕೂತಿದ್ದ ದಾದಿಗೇ ಕಿವಿ ಮುಚ್ಚಿಕೊಳ್ಳುವಂತಾಯಿತು. ಗುಂಪು ಚೆಲ್ಲಾಪಿಲ್ಲಿಯಾಗಿ ಮರದ ತುದಿಗೆ ಏರಿತು. ಹಳದಿ ನಡುಗುತ್ತಾ ಅತ್ತ ಇತ್ತ ಓಡಿ, ಕೊನೆಗೆ ನೇರವಾಗಿ ಗುಮ್ಮನ ಕಡೆಗೇ ಹಾರಿ ಬಂದು ಗೌನಿನ ಮಡಿಕೆಯೊಳಗೆ ತಲೆ ತೂರಿಸಿತು. ಗುಮ್ಮ ಕೈಯಲ್ಲಿದ್ದ ಡಬ್ಬವನ್ನು ಮೆಲ್ಲಗೆ ಇಳಿಸಿದ.

ಹೊರಗೆ ಬಂದು ಮುಸುಕು ತೆಗೆದಾಗ ಅವನ ಮುಖವೆಲ್ಲ ಒದ್ದೆಯಾಗಿತ್ತು. ಬೆವರೆಂದೇ ಇಟ್ಟುಕೊಳ್ಳೋಣ.

"ನನ್ನಿಂದ ತಪ್ಪಿಸ್ಕೊಳ್ಳೋಕೆ ನನ್ನ ಹತ್ರಾನೇ ಬಂದ್ಲು ಅಕ್ಕ. ಇನ್ನು ನನ್ನ ಕೈಲಿ ಆಗಲ್ಲ."

ಮೇಡಂಗೆ ಸುದ್ದಿ ಮುಟ್ಟಿತು. ಅವರು ಫೋನಿನಲ್ಲಿ ಹೇಳಿದ್ದಿಷ್ಟೇ: "ನಾಳೆ ಸಂಜೆ ನಾನೇ ಗೌನು ಹಾಕ್ಕೊಂಡು ಒಳಗೆ ಹೋಗ್ತೀನಿ. ಹತ್ತಿರ ಬಂದ್ಲೋ, ನನ್ನ ಜೊತೆ ವ್ಯಾನಿನಲ್ಲಿ ವಾಪಸ್. ಬರಲಿಲ್ವೋ, ನಾಡಿದ್ದು ಗುಂಪಿನ ಜೊತೆ ಕಾಡು. ಇನ್ನು ಈ ವಿಷಯದಲ್ಲಿ ನನ್ನ ಹತ್ರ ಏನೂ ಕೇಳಬೇಡ."

ಮನೆಯಲ್ಲಿ ಊಟಕ್ಕೆ ಕೂತಾಗ ಅತ್ತೆ ಸೊಸೆಯ ಮುಖವನ್ನು ಎರಡು ಸಲ ನೋಡಿದರು.

"ಇವತ್ತು ನಿನ್ನ ಮುಖ ನೋಡಿದ್ರೆ ಕಾದ ಹಾಲೂ ಒಡೆಯುತ್ತೆ. ಆ ಮರಿ ವಿಷಯಾನಾ?"

"ಹೌದು ಅತ್ತೆ."

"ಹೊಡೆದು ಓಡಿಸೋಕೆ ಆಗಲ್ವಾ?"

"ಹೊಡೆಯೋ ಹಾಗಿಲ್ಲ. ಹೊಡೆದ್ರೂ ಅವಳು ಅಪ್ಪಿಕೊಳ್ಳೋದೇ."

ಅತ್ತೆ ಮುಂದೆ ಏನೂ ಕೇಳದೆ ಅವಳ ತಟ್ಟೆಗೆ ಇನ್ನಷ್ಟು ಬಡಿಸಿದರು. ಅವರಿಗೆ ಮಾತು ತೋಚದಾಗ ಮಾಡುವ ಕೆಲಸ ಅದು. ದಾದಿ ಅದನ್ನೂ ಪೂರ್ತಿ ತಿಂದಳು. ಮರುದಿನ ಅವಳಿಗೆ ಕಸುವು ಬೇಕಿತ್ತು.

ಬೆಳಿಗ್ಗೆ ಗುಮ್ಮ ಅವಳನ್ನು ಕಾಡಂಚಿಗೆ ತಂದು ಬಿಟ್ಟು, ಸೊಪ್ಪು ತರಲು ಹೋದ. ಆವರಣದ ಬಳಿ ಬೇರೆ ಯಾರೂ ಇರಲಿಲ್ಲ. ಅವಳು ಗೌನು ತೊಟ್ಟು, ಡಬ್ಬ ಹಿಡಿದು, ಎರಡು ಬಾಗಿಲುಗಳನ್ನೂ ಒಂದರ ಹಿಂದೆ ಒಂದು ಮುಚ್ಚಿಕೊಂಡು ಒಳಗೆ ಹೋದಳು. ಬಡಿದಳು. ನೆಲಕ್ಕೆ ಕಾಲು ಅಪ್ಪಳಿಸಿದಳು. ಪೈಪು ಹಿಡಿದು ನೀರು ಎರಚಿದಳು. ಹಳದಿ ನೆನೆದು ಮುದ್ದೆಯಾಗಿ, ಕೂಗುತ್ತಾ, ಜಾರುತ್ತಾ ಬಂದು ಅವಳ ಕಾಲನ್ನು ತಬ್ಬಿತು. ಬಿಡಿಸಿದಳು. ಮತ್ತೆ ತಬ್ಬಿತು. ಮೇಲೆ ಕೊಂಬೆಯಲ್ಲಿ ಕಿವಿ ಹರಿದ ಮುದಿ ಹೆಣ್ಣು ಹಿಂದಕ್ಕೂ ಮುಂದಕ್ಕೂ ತೂಗಾಡುತ್ತಾ ಕರೆಯುತ್ತಿತ್ತು. ಹಳದಿ ಅತ್ತ ನೋಡಲೂ ಇಲ್ಲ. ಅದು ದಾದಿಯ ಸೊಂಟದವರೆಗೆ ಹತ್ತಿ, ಮರಿಯಾಗಿದ್ದಾಗ ಇರುತ್ತಿದ್ದ ಹಾಗೆಯೇ ಎದೆಗೆ ತಲೆಯಿಟ್ಟಿತು.

ಅವಳು ಅದರ ಕೈಗಳನ್ನು ಬಿಡಿಸಲು ಎಳೆದಾಗ ಅವಳ ಬಲಗೈಯ ಗವಸು ಜಾರಿತು. ತೋಳಿನ ಅಂಚಿಗೂ ಗವಸಿಗೂ ನಡುವೆ ಮಣಿಕಟ್ಟು ಕಂಡಿತು. ಇಷ್ಟೇ ಇಷ್ಟು ಚರ್ಮ.

ಹಳದಿ ಅದನ್ನು ನೋಡಿತು. ಕೂಗು ನಿಂತಿತು. ಮೂಗು ಹತ್ತಿರ ತಂದು ಮೂಸಿ, ತಟ್ಟನೆ ತಲೆ ಹಿಂದಕ್ಕೆ ಎಳೆದುಕೊಂಡಿತು. ಮಣಿಕಟ್ಟನ್ನು ನೋಡಿತು, ಗೌನನ್ನು ನೋಡಿತು, ಮತ್ತೆ ಮಣಿಕಟ್ಟನ್ನು ನೋಡಿತು. ಹಿಡಿತ ಸಡಿಲವಾಯಿತು, ಆದರೆ ಬಿಡಲಿಲ್ಲ.

ದಾದಿಗೆ ಆಗ ತಿಳಿಯಿತು. ಗೌನು ಎಷ್ಟು ಕೆಟ್ಟದಾಗಿ ನಡೆದುಕೊಂಡರೂ ಅದು ಹಳದಿಗೆ ತಾಯಿಯೇ. ಸಿಟ್ಟಾದ ತಾಯಿ, ಅಷ್ಟೇ. ಹೆದರಬೇಕಾದದ್ದು ಗೌನಿನ ಒಳಗಿದೆ ಎಂಬುದನ್ನು ತೋರಿಸದ ಹೊರತು ಬೇರೆ ದಾರಿ ಇಲ್ಲ. ತೋರಿಸಿದರೆ ನಿಯಮದ ಪ್ರಕಾರ ಹಿಂದಿನ ಸಾಲು. ತೋರಿಸದಿದ್ದರೂ ಸಂಜೆಗೆ ಹಿಂದಿನ ಸಾಲು.

ಬಾಗಿಲು ಎರಡನ್ನೂ ಒಮ್ಮೆ ನೋಡಿದಳು. ದಾರಿಯ ಕಡೆ ನೋಡಿದಳು. ಯಾರೂ ಇರಲಿಲ್ಲ. ಎಡಗೈಯಿಂದ ಮುಸುಕನ್ನೂ ಜಾಲರಿಯನ್ನೂ ಒಟ್ಟಿಗೆ ಹಿಡಿದು ಹಿಂದಕ್ಕೆ ಎಳೆದಳು.

"ನೋಡು" ಎಂದಳು.

ಅಷ್ಟು ಕಾಲದಲ್ಲಿ ಅವಳು ಹಳದಿಗೆ ಹೇಳಿದ ಒಂದೇ ಮಾತು ಅದು.

ಹಳದಿ ನೋಡಿತು. ಅದರ ಮುಖ ಅವಳ ಮುಖಕ್ಕೆ ಗೇಣು ದೂರದಲ್ಲಿತ್ತು. ಕಣ್ಣಿನ ಕಂದು, ಅದರೊಳಗಿನ ಚುಕ್ಕಿ, ನೆನೆದ ಹುಬ್ಬು ಎಲ್ಲ ಅವಳಿಗೆ ಜಾಲರಿಯಿಲ್ಲದೆ ಮೊದಲ ಸಲ ಕಂಡವು. ಅದರ ತುಟಿ ಹಿಂದಕ್ಕೆ ಸರಿದು ಹಲ್ಲು ಹೊರಬಂದವು. ಗಂಟಲಿನಿಂದ ಸದ್ದು ಹೊರಡಲಿಲ್ಲ. ಭಯಕ್ಕೆ ಅವಳ ಗೌನಿನ ಮೇಲೆಯೇ ಉಚ್ಚೆ ಹೊಯ್ದುಕೊಂಡಿತು. ಆಮೇಲೆ ಕೂಗಿತು. ಗುಮ್ಮನನ್ನು ಕಂಡಾಗ ಕೂಗುತ್ತಿದ್ದ ಆ ಒರಟು ಕೂಗು. ಎದೆಯನ್ನು ಒದ್ದು, ಹಿಂದಕ್ಕೆ ಹಾರಿ, ಬಿದ್ದು, ಎದ್ದು, ಸಿಕ್ಕಿದ ಕೊಂಬೆ ಹಿಡಿದು ಮೇಲೇರಿತು.

ಕೆಲಸ ಅಲ್ಲಿಗೇ ನಿಲ್ಲಿಸುವಂತಿರಲಿಲ್ಲ. ನಿಲ್ಲಿಸಿದರೆ ಮತ್ತೆ ಮುಸುಕು ಹಾಕಿದ ತಕ್ಷಣ ಹಳದಿ ಮರೆತು ಇಳಿದು ಬರಬಹುದು. ದಾದಿ ಮುಸುಕು ಎಳೆದುಕೊಂಡಳು. ಹಳದಿ ಮೇಲಿನಿಂದ ಬಗ್ಗಿ ನೋಡಿತು. ಒಂದು ಕೊಂಬೆ ಕೆಳಗಿಳಿಯಿತು. ಅವಳು ಮುಸುಕು ಕಿತ್ತು ಡಬ್ಬ ಬಡಿದಳು. ಅದು ಮೇಲೆ ಓಡಿತು. ಮತ್ತೆ ಹಾಕಿದಳು, ಮತ್ತೆ ತೆಗೆದಳು. ಇದೇ ಗೌನು, ಇದೇ ಮುಖ, ಬೇರೆ ಯಾರೂ ಅಲ್ಲ. ಬಾಯಿ ತೆರೆದು ಅರಚಿದಳು. ಆ ಧ್ವನಿ ತನ್ನದೆಂದು ಅವಳಿಗೇ ಗುರುತು ಸಿಗಲಿಲ್ಲ. ಕೈ ಸೋತು ಡಬ್ಬ ಹಿಡಿಯಲಾಗದ ಹೊತ್ತಿಗೆ, ಮುಸುಕು ಹಾಕಿಕೊಂಡು ಸುಮ್ಮನೆ ನಿಂತಳು. ಹಳದಿ ಇಳಿಯಲಿಲ್ಲ. ಅವಳು ಒಂದು ಹೆಜ್ಜೆ ಮುಂದಿಟ್ಟಳು. ಅದು ಇನ್ನೂ ಮೇಲೇರಿ, ಮುದಿ ಹೆಣ್ಣಿನ ತೋಳಿನೊಳಗೆ ಸೇರಿಕೊಂಡಿತು. ಮುದಿ ಹೆಣ್ಣು ಅದರ ಬೆನ್ನಿನ ನೀರನ್ನು ಒರೆಸುವಂತೆ ತುಪ್ಪಳ ಬಿಡಿಸತೊಡಗಿತು.

ದಾದಿ ಹೊರಗೆ ಬಂದು ಬೀಗ ಹಾಕಿದಳು. ಎಳೆದು ನೋಡಲು ಮರೆತಳು. ಗೌನು ಬಿಚ್ಚಿ ತೊಳೆದು ಪೊದೆಯ ಮೇಲೆ ಹರವಿದಳು. ಗುಮ್ಮ ಸೊಪ್ಪಿನೊಂದಿಗೆ ಬರುವ ಹೊತ್ತಿಗೆ ಮುಖವನ್ನೂ ತೊಳೆದುಕೊಂಡಿದ್ದಳು.

ಸಂಜೆ ಮೇಡಂ ಬಂದು, ಮಾತಿಲ್ಲದೆ ಗೌನು ತೊಟ್ಟು, ಕೈಯಲ್ಲಿ ಹಳದಿಗೆ ಬಹಳ ಇಷ್ಟವಾದ ಚಿಗುರಿನ ಕಟ್ಟು ಹಿಡಿದು ಒಳಗೆ ಹೋದರು. ಬಾಗಿಲಿನ ಸದ್ದಿಗೇ ಕೂಗು ಎದ್ದಿತು. ಮೊದಲು ಕೂಗಿದ್ದು ಹಳದಿ. ಮೇಡಂ ಚಿಗುರು ಚಾಚಿ ಕತ್ತಲೆಯಾಗುವ ತನಕ ನಿಂತರು. ಹಳದಿ ಮರದ ತುದಿ ಬಿಡಲಿಲ್ಲ. ಹೊರಗೆ ಬಂದಾಗ ಅವರು ದಾದಿಯನ್ನು ಕಣ್ಣಿಟ್ಟು ನೋಡಿದರು.

"ಏನು ಮಾಡಿದೆ?"

"ಡಬ್ಬ ಬಡಿದೆ, ನೀರು ಹಾಕಿದೆ ಮೇಡಂ."

"ಅದನ್ನ ಗುಮ್ಮನೂ ಮಾಡಿದ."

"ಗುಮ್ಮಣ್ಣ ಹಗುರಾಗಿ ಬಡೀತಾರೆ."

"ಅಯ್ಯೋ ಅಕ್ಕ, ನನ್ನ ಭುಜ ಇನ್ನೂ ನೋಯ್ತಿದೆ!" ಎಂದ ಗುಮ್ಮ. ಮೇಡಂ ನಗಲಿಲ್ಲ. ಆದರೆ ಇನ್ನೊಂದು ಪ್ರಶ್ನೆಯನ್ನೂ ಕೇಳಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ, ಮುಂದೆ ಬರುವ ಮರಿಗಳಿಗೆ ಗೌನು ಸಾಕು ಎಂಬ ನಂಬಿಕೆ ಬೇಡ, ಬಣ್ಣಗಳನ್ನು ಆಗಾಗ ಬದಲಾಯಿಸೋಣ, ಗುಮ್ಮನೂ ಎಲ್ಲ ಬಣ್ಣದ ಬಟ್ಟೆ ಹಾಕಿ ಹೆದರಿಸಲಿ, ಮೊದಲ ಹಲ್ಲು ಬಂದಾಗಿನಿಂದಲೇ, ಎಂದು ಹೇಳಿದರು. ದಾದಿ ತಲೆಯಾಡಿಸಿದಳು. ಹಾಗಾದರೆ ತಾನು ಬೆಳಿಗ್ಗೆ ಮಾಡಿದ ಕೆಲಸವನ್ನು ಇನ್ನೊಬ್ಬರು ಇನ್ನೊಂದು ಮರಿಗೆ ಮಾಡಬೇಕಾಗಿ ಬರುವುದಿಲ್ಲ.

ಮರುದಿನ ಬೆಳಿಗ್ಗೆ ಆವರಣದ ಮೇಲ್ಬದಿಯ ಬಾಗಿಲನ್ನು ಹಗ್ಗ ಎಳೆದು ತೆರೆದರು. ಮೊದಲು ದೊಡ್ಡ ಗಂಡು ಹೊರಟಿತು, ಆಮೇಲೆ ಒಂದೊಂದಾಗಿ ಉಳಿದವು. ಹಳದಿ ಮುದಿ ಹೆಣ್ಣಿನ ಹಿಂದೆಯೇ ಜಿಗಿಯಿತು. ಒಂದು ಕೊಂಬೆ ತಪ್ಪಿ, ಕೆಳಗಿನದನ್ನು ಹಿಡಿದು, ಸಾವರಿಸಿಕೊಂಡು ಹೋಯಿತು. ರಸ್ತೆಯ ಹತ್ತಿರ ಬೂದು ಕೋಟಿನ ಆಳುಗಳು ಕೆಲಸಕ್ಕೆ ಇಳಿದಿದ್ದರು. ಅವರು ಕಂಡದ್ದೇ ತಡ, ಆ ಒರಟು ಕೂಗು ಕೇಳಿಸಿತು, ಗುಂಪು ಒಟ್ಟಾಗಿ ದಿಕ್ಕು ಬದಲಿಸಿ ಕಾಡಿನ ಒಳಮುಖವಾಗಿ ಸಾಗಿತು. ಎಲೆಗಳು ಅಲುಗಾಡುವುದು ನಿಂತ ಮೇಲೂ ದಾದಿ ನೋಡುತ್ತಲೇ ಇದ್ದಳು.

ವಾಪಸ್ ಬರುವಾಗ ವ್ಯಾನಿನಲ್ಲಿ ಗುಮ್ಮ ಅವಳ ಕಡೆ ತಿರುಗಿದ.

"ಅಕ್ಕ, ನಿಜ ಹೇಳಿ. ನಾನು ಯಾರಿಗೂ ಹೇಳಲ್ಲ."

"ಹೇಳೋಕೆ ಏನಿದೆ ಗುಮ್ಮಣ್ಣ? ರಸ್ತೆ ನೋಡಿ ಓಡಿಸಿ."

ಅವನು ಒಳ್ಳೆಯವನು, ಆದರೆ ಅವನ ಹೊಟ್ಟೆಯಲ್ಲಿ ಒಂದು ಮಾತು ಒಂದು ಊಟದ ಹೊತ್ತೂ ನಿಲ್ಲುವುದಿಲ್ಲ. ಮೇಡಂಗೆ ಹೇಳಿದರೆ ಅವರಿಗೆ ಎರಡೇ ದಾರಿ: ನಿಯಮ ಮುರಿಯುವುದು, ಇಲ್ಲವೇ ಕತ್ತಿನ ಪಟ್ಟಿಯ ಗುರುತು ಹಿಡಿದು ಹೋಗಿ ಹಳದಿಯನ್ನು ಬಲೆ ಹಾಕಿ ತರುವುದು. ಅವರು ನಿಯಮ ಮುರಿಯುವವರಲ್ಲ. ಇವತ್ತು ಹೇಳದೆ, ಪಟ್ಟಿ ಕಳಚಿ ಬಿದ್ದ ಮೇಲೆ ಹೇಳಬಹುದೇ? ಆಗ ಹೇಳಿ ಯಾರಿಗೆ ಏನು ಉಪಯೋಗ? ದಾದಿ ಎಲ್ಲವನ್ನೂ ಒಂದು ಕಡೆಯಿಂದ ಯೋಚಿಸಿದಳು. ಬೀಗವನ್ನು ಎಳೆದು ನೋಡುವ ಹಾಗೆ ಯೋಚಿಸಿದಳು. ಎಲ್ಲೂ ಸಡಿಲವಿರಲಿಲ್ಲ.

ಮನೆಯ ಬಾಗಿಲು ತೆರೆದವರು ಅತ್ತೆ.

"ಹೋದ್ಲಾ?"

"ಹೋದ್ಲು ಅತ್ತೆ."

"ನಿನ್ನ ಮುಖ ನೋಡದೇನೇ ಹೋದ್ಲಲ್ಲ, ಪಾಪ" ಎಂದರು ಅತ್ತೆ. ಅವರ ಕಣ್ಣು ತುಂಬಿತ್ತು.

ದಾದಿ ಬಗ್ಗಿ ಚಪ್ಪಲಿ ಬಿಟ್ಟಳು. ಬೇಕೆಂದೇ ಸ್ವಲ್ಪ ಹೆಚ್ಚು ಹೊತ್ತು ಬಗ್ಗಿದ್ದಳು. ಅತ್ತೆಗಾದರೂ ಹೇಳಬಹುದಿತ್ತು, ಅವರು ಯಾರಿಗೂ ಹೇಳುತ್ತಿರಲಿಲ್ಲ, ಅವಳ ತಲೆ ಸವರುತ್ತಿದ್ದರು, ತಟ್ಟೆಗೆ ಇನ್ನಷ್ಟು ಬಡಿಸುತ್ತಿದ್ದರು. ಆದರೆ ಒಬ್ಬರಿಗೆ ಹೇಳಿದ ಮಾತು ಇನ್ನೊಬ್ಬರಿಗೆ ಹೇಳುವಷ್ಟು ಸಲೀಸಾಗುತ್ತದೆ.

"ಹೌದು ಅತ್ತೆ, ನೋಡಲಿಲ್ಲ" ಎಂದು ಹೇಳಿ, ಅವಳು ಕೈ ತೊಳೆಯಲು ಒಳಗೆ ಹೋದಳು.